1942ರ ಆ ಮತಗಳ ಲೆಕ್ಕ ಕೊಡಿ: ಆಸ್ಕರ್ ಅಕಾಡೆಮಿಗೆ ಒಂದು ಬಹಿರಂಗ ಪತ್ರ

ಅಕಾಡೆಮಿ ಆಫ್ ಮೋಷನ್ ಪಿಕ್ಚರ್ ಆರ್ಟ್ಸ್ ಅಂಡ್ ಸೈನ್ಸಸ್‌ನ ಆಡಳಿತ ಮಂಡಳಿಯ ಸದಸ್ಯರಿಗೆ,

ಮಾನ್ಯರೇ,

ನೀವು ಕೊಟ್ಟ ಒಂದು ಪ್ರಶಸ್ತಿಯ ವಿಚಾರಕ್ಕೆ ನಾನೂ ನನ್ನ ಗೆಳೆಯನೂ ಮೂವತ್ತು ವರ್ಷಗಳಿಂದ ಜಗಳ ಆಡುತ್ತಿದ್ದೇವೆ. ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯಲ್ಲಿ ಒಂದೇ ವಾರ 'ಸಿಟಿಜನ್ ಕೇನ್' ಮತ್ತು 'ಹೌ ಗ್ರೀನ್ ವಾಸ್ ಮೈ ವ್ಯಾಲಿ' ನೋಡಿದಾಗ ಶುರುವಾದ ಜಗಳ ಅದು. 1942ರ ಫೆಬ್ರವರಿ 26ರ ರಾತ್ರಿ ಲಾಸ್ ಏಂಜಲೀಸ್‌ನ ಬಿಲ್ಟ್‌ಮೋರ್ ಹೋಟೆಲಿನಲ್ಲಿ ನಿಮ್ಮ ಹಿರಿಯರು ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು 'ಹೌ ಗ್ರೀನ್ ವಾಸ್ ಮೈ ವ್ಯಾಲಿ'ಗೆ ಕೊಟ್ಟರು. 'ಸಿಟಿಜನ್ ಕೇನ್'ಗೆ ಅದು ಘೋರ ಅನ್ಯಾಯ ಎಂದು ಗೆಳೆಯ ಹೇಳುತ್ತಾನೆ. ನಾನು ಹಾಗೆ ಹೇಳಲಾರೆ. ಇಬ್ಬರಿಗೂ ವಯಸ್ಸಾಯಿತು, ಜಗಳಕ್ಕೆ ಆಗಲಿಲ್ಲ. ಅದನ್ನು ಮುಂದಕ್ಕೆ ಒಯ್ಯಲು ಬೇಕಾದ ಒಂದು ಕಾಗದ ನಿಮ್ಮಿಂದ ಬರಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ.

ಮೊದಲು ನನ್ನ ಪರಿಚಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ವಾದ ಅರ್ಥವಾಗದು. ನಾನು ಕೋಲಾರ ಚಿನ್ನದ ಗಣಿಯ ಹುಡುಗ. ನಮ್ಮಪ್ಪ ಗಣಿಯ ಒಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದರು. ನಾವಿದ್ದದ್ದು ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಹಿಂದೆ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬ, ಗಾಳಿ ಎದ್ದರೆ ಅಟ್ಟದ ಪಾತ್ರೆಗಳ ಮೇಲೆಲ್ಲ ಬೂದು ಧೂಳು. ಸಂಬಳದ ದಿನ ಅಪ್ಪ ಒಳಗೆ ಬಂದು ಮುಖ ತೊಳೆಯುವ ಮೊದಲೇ ಹಣವನ್ನು ಅಮ್ಮನ ಸೆರಗಿಗೆ ಹಾಕುತ್ತಿದ್ದರು. ಅಮ್ಮ ಎಣಿಸದೆ ಗಂಟು ಹಾಕಿಕೊಳ್ಳುತ್ತಿದ್ದಳು.

ಹಾಗಾಗಿ ಜಾನ್ ಫೋರ್ಡ್ ನಿರ್ದೇಶಿಸಿದ 'ಹೌ ಗ್ರೀನ್ ವಾಸ್ ಮೈ ವ್ಯಾಲಿ'ಯಲ್ಲಿ ವೇಲ್ಸ್‌ನ ಕಲ್ಲಿದ್ದಲು ಗಣಿಯಿಂದ ಬಂದ ಗಂಡಸರು ಸಾಲಾಗಿ ನಡೆದು, ಬಾಗಿಲ ಬಳಿ ಕೂತ ತಾಯಿಯ ಬಿಳಿ ಏಪ್ರನ್ನಿಗೆ ಒಬ್ಬೊಬ್ಬರೇ ಕೂಲಿ ಹಾಕುವ ದೃಶ್ಯ ಬಂದಾಗ ನಾನು ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದೆ. 2001ರ ಫೆಬ್ರವರಿಯಲ್ಲಿ ನಮ್ಮ ಗಣಿ ಮುಚ್ಚಿತು. ಆಮೇಲೆ ಕೆಲವು ವರ್ಷ ಕಳೆದು ಡಿವಿಡಿ ತಂದು ಅಪ್ಪನಿಗೂ ತೋರಿಸಿದೆ. ಇಂಗ್ಲಿಷ್ ಅವರಿಗೆ ಬಾರದು. ಆ ದೃಶ್ಯಕ್ಕೆ "ಇದು ನಮ್ಮ ಲೈನೇ ಕಣೋ" ಅಂದರು. ಕೊನೆಯಲ್ಲಿ ಜನರನ್ನು ಇಳಿಸಿ ಹತ್ತಿಸುವ ಗಣಿಯ ಕೇಜ್ ಮೇಲೆ ಬರುತ್ತದೆ, ಸತ್ತ ತಂದೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡ ಹುಡುಗ ಅದರಲ್ಲಿ ಕೂತಿರುತ್ತಾನೆ. ಆಗ ಅಪ್ಪ ಎದ್ದು ಹೊರಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಇಷ್ಟು ಹೇಳಿದ ಮೇಲೆ ನೀವು, ಈ ಮನುಷ್ಯ ಅಪ್ಪನ ಮೇಲಿನ ಪ್ರೀತಿಯಿಂದ ಮಾತಾಡುತ್ತಿದ್ದಾನೆ ಅನ್ನಬಹುದು. ಪ್ರೀತಿ ಇದೆ. ಆದರೆ ಕಣ್ಣೂ ಇದೆ. ಚಿತ್ರದ ಕೊರತೆಗಳು ನನಗೆ ಗೊತ್ತು. ವೇಲ್ಸ್‌ನಲ್ಲೇ, ಬಣ್ಣದಲ್ಲೇ ತೆಗೆಯಬೇಕೆಂದಿದ್ದ ಚಿತ್ರ ಅದು. ಯುದ್ಧ ಬಂದು ಬ್ರಿಟನ್ನಿನ ಮೇಲೆ ಬಾಂಬು ಬೀಳತೊಡಗಿದ್ದರಿಂದ ಕ್ಯಾಲಿಫೋರ್ನಿಯಾದ ಮಾಲಿಬು ಕಡೆಯ ಬೆಟ್ಟಗಳಲ್ಲಿ ಒಂದು ಊರನ್ನೇ ಕಟ್ಟಿ ಕಪ್ಪು ಬಿಳುಪಿನಲ್ಲಿ ತೆಗೆದರು. ವೇಲ್ಸ್‌ನವರ ಪಾತ್ರಗಳಲ್ಲಿ ಐರ್ಲೆಂಡಿನವರು, ಕೆನಡಾದವರು. ಹಾಡು ಕೊಂಚ ಹೆಚ್ಚಾಯಿತು. ಮುಷ್ಕರದ ಭಾಗದಲ್ಲಿ ಸಿಟ್ಟು ಇನ್ನೂ ಏರಬೇಕು ಅನ್ನಿಸುವಷ್ಟರಲ್ಲಿ ಕಥೆ ಮನೆಯೊಳಕ್ಕೆ ತಿರುಗಿಬಿಡುತ್ತದೆ. ಗಣಿಯವರ ಮನೆಯಲ್ಲಿ ಹುಟ್ಟಿದವನಿಗೆ ಇದು ಬೇಗ ಕಾಣುತ್ತದೆ.

ಆದರೆ ಆ ಮದುವೆಯ ದೃಶ್ಯ ನೋಡಿ. ಮೊರೀನ್ ಒಹಾರ ಮಾಡಿದ ಆಂಗ್‌ಹಾರದ್, ತಾನು ಪ್ರೀತಿಸದ ಗಣಿ ಮಾಲೀಕನ ಮಗನನ್ನು ಮದುವೆಯಾಗಿ ಚರ್ಚಿನಿಂದ ಹೊರಗೆ ಬರುತ್ತಾಳೆ. ಗಾಳಿ ಬೀಸಿ ಅವಳ ತಲೆಯ ಮೇಲಿನ ಬಿಳಿ ಮುಸುಕು ನೆಟ್ಟಗೆ ಮೇಲಕ್ಕೇಳುತ್ತದೆ, ಯಾರೋ ಹಿಡಿದು ಎಳೆದ ಹಾಗೆ. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಗಾಡಿ ಹೊರಡುತ್ತದೆ. ಆಮೇಲೆ ದೂರದಲ್ಲಿ, ಸಮಾಧಿಗಳ ಆಚೆ, ಮರದಡಿಯಲ್ಲಿ ಅವಳು ನಿಜವಾಗಿ ಪ್ರೀತಿಸಿದ ಪಾದ್ರಿ ಕಾಣುತ್ತಾನೆ. ಬೆರಳಿನಷ್ಟು ಚಿಕ್ಕ ಆಕೃತಿ. ಕ್ಯಾಮೆರಾ ಹತ್ತಿರ ಹೋಗುವುದಿಲ್ಲ. ಬೇರೆ ನಿರ್ದೇಶಕರಾಗಿದ್ದರೆ ಅವನ ಕಣ್ಣೀರು ತೋರಿಸುತ್ತಿದ್ದರು. ಫೋರ್ಡ್ ಅವನ ಮುಖವನ್ನೇ ತೋರಿಸಲಿಲ್ಲ. ಆ ದೃಶ್ಯವನ್ನು ಚಿತ್ರಿಸಿದ ಆರ್ಥರ್ ಮಿಲ್ಲರ್ ಅವರಿಗೆ ಅದೇ ರಾತ್ರಿ ಛಾಯಾಗ್ರಹಣದ ಆಸ್ಕರ್ ಬಂತು. ಅದಕ್ಕೆ ನನ್ನ ತಕರಾರು ಇಲ್ಲ.

ಈಗ 'ಸಿಟಿಜನ್ ಕೇನ್'. ಚಿತ್ರ ತೆರೆ ಕಂಡಾಗ ಅದರ ನಿರ್ದೇಶಕ, ನಾಯಕನಟ ಆರ್ಸನ್ ವೆಲ್ಸ್‌ಗೆ ಇನ್ನೂ 26 ತುಂಬಿರಲಿಲ್ಲ. ಅದರಲ್ಲೂ ಒಬ್ಬ ತಾಯಿ ಇದ್ದಾಳೆ. ಮೇಜಿನ ಮುಂದೆ ಕೂತು, ಮಗನನ್ನು ಬ್ಯಾಂಕಿನವರ ವಶಕ್ಕೆ ಒಪ್ಪಿಸುವ ಪತ್ರಕ್ಕೆ ಸಹಿ ಹಾಕುತ್ತಾಳೆ. ಹಿಂದೆ ಕಿಟಕಿ. ಕಿಟಕಿಯ ಆಚೆ ಹಿಮದಲ್ಲಿ ಹುಡುಗ ಆಡುತ್ತಿದ್ದಾನೆ. ಗ್ರೆಗ್ ಟೋಲಂಡ್ ಅವರ ಕ್ಯಾಮೆರಾದಲ್ಲಿ ಮುಂದಿನ ಕಾಗದವೂ ಸ್ಪಷ್ಟ, ನಡುವಿನ ತಂದೆಯೂ ಸ್ಪಷ್ಟ, ಕಿಟಕಿಯ ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಆ ಪುಟ್ಟ ಹುಡುಗನೂ ಸ್ಪಷ್ಟ. ಅವನ ಕೂಗಾಟ ಒಳಗೆ ಕೇಳುತ್ತಿರುತ್ತದೆ. ಅವನ ಬದುಕು ಇಲ್ಲಿ ಕೈಬದಲಾಗುತ್ತಿದೆ, ಅವನಿಗೆ ಗೊತ್ತಿಲ್ಲ. ಕತ್ತರಿ ಹಾಕದೆ, ವಿವರಿಸದೆ, ಇಡೀ ಚಿತ್ರದ ದುಃಖವನ್ನು ಒಂದೇ ಚೌಕಟ್ಟಿನಲ್ಲಿ ಇಟ್ಟುಬಿಟ್ಟರು. ವೆಲ್ಸ್ ತನ್ನ ಹೆಸರಿನ ಜೊತೆಗೇ ಟೋಲಂಡ್ ಹೆಸರನ್ನೂ ತೆರೆಯ ಮೇಲೆ ಹಾಕಿಸಿದ್ದು ಸುಮ್ಮನೆ ಅಲ್ಲ.

ನನ್ನ ಕೈಗೆ 1942ರ ಮತಪತ್ರ ಕೊಟ್ಟಿದ್ದರೆ ನಾನು 'ಕೇನ್'ಗೇ ಹಾಕುತ್ತಿದ್ದೆ. ಇದನ್ನು ಅಪ್ಪನಿಗೂ ಹೇಳಿದ್ದೆ. ಅವರು ನಕ್ಕರು ಅಷ್ಟೆ. ಆದರೆ 'ಹೌ ಗ್ರೀನ್ ವಾಸ್ ಮೈ ವ್ಯಾಲಿ'ಗೆ ಮತ ಹಾಕಿದವನ ತಲೆ ಕೆಟ್ಟಿತ್ತು ಎಂದರೆ ಒಪ್ಪಲಾರೆ. ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಮೂರು ತಿಂಗಳೂ ಆಗಿರಲಿಲ್ಲ. ಮನೆ ಮನೆಯಿಂದ ಹುಡುಗರು ಸೇನೆಗೆ ಹೊರಟಿದ್ದರು. ಫೋರ್ಡ್ ನೌಕಾಪಡೆಯ ಕೆಲಸದಲ್ಲಿದ್ದರು, ವೆಲ್ಸ್ ಬ್ರೆಜಿಲ್‌ನಲ್ಲಿದ್ದರು. ಆ ಚಳಿಗಾಲದಲ್ಲಿ, ಒಂದೊಂದಾಗಿ ಮಕ್ಕಳು ಮನೆ ಬಿಟ್ಟು ಹೋಗುವ ಕುಟುಂಬದ ಕಥೆ ಜನರ ಎದೆಗೆ ನಾಟಿದ್ದರೆ ಅದರಲ್ಲಿ ಆಶ್ಚರ್ಯವೇನು? ವಿಮರ್ಶಕರಾದರೂ 'ಕೇನ್' ಅನ್ನು ತಲೆಯ ಮೇಲೆ ಇಟ್ಟುಕೊಂಡದ್ದು ಆಮೇಲೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಲ್ಲಿ ಮೊದಲ ಸಲ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿದಾಗ ಮೊದಲ ಹತ್ತರಲ್ಲಿ 'ಕೇನ್' ಇರಲಿಲ್ಲ. 1962ರಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು, 2012ರಲ್ಲಿ 'ವರ್ಟಿಗೊ' ಕೆಳಗಿಳಿಸುವ ತನಕ ಅಲ್ಲೇ ಇತ್ತು. 'ವರ್ಟಿಗೊ'ಗೆ ನೀವು ಕೊಟ್ಟದ್ದಾದರೂ ಏನು? ಎರಡು ನಾಮನಿರ್ದೇಶನ, ಅದೂ ಕಲಾ ನಿರ್ದೇಶನಕ್ಕೆ ಮತ್ತು ಧ್ವನಿಗೆ. ಹಿಚ್‌ಕಾಕ್, ಆ ಚಿತ್ರ ಮಾಡಿದವರು, ಐದು ಸಲ ನಿರ್ದೇಶಕನಾಗಿ ಸ್ಪರ್ಧೆಯಲ್ಲಿದ್ದು ಐದೂ ಸಲ ಬರಿಗೈಯಲ್ಲಿ ಮನೆಗೆ ಹೋದರು.

ವಿಷಯಕ್ಕೆ ಬರುತ್ತೇನೆ. 'ಕೇನ್' ಸೋತದ್ದು ಹೇಗೆ ಎಂಬುದಕ್ಕೆ ಮೂರು ನಾಲ್ಕು ಕಥೆಗಳು ಚಾಲ್ತಿಯಲ್ಲಿವೆ. ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ತನ್ನ ಬದುಕನ್ನೇ ಚಿತ್ರ ಮಾಡಿದ್ದಾರೆಂದು ಸಿಟ್ಟಾಗಿ ತನ್ನ ಪತ್ರಿಕೆಗಳಲ್ಲಿ ಅದರ ಜಾಹೀರಾತನ್ನೂ ಹಾಕಿಸಲಿಲ್ಲ. ಎಂಜಿಎಂ ಸ್ಟುಡಿಯೋದ ಮುಖ್ಯಸ್ಥ ಲೂಯಿಸ್ ಬಿ. ಮೇಯರ್ ಎಂಟು ಲಕ್ಷ ಡಾಲರಿಗೂ ಮೇಲೆ ಕೊಡುತ್ತೇವೆ, ನೆಗೆಟಿವ್ ಸುಟ್ಟುಹಾಕಿ ಎಂದು ಚಿತ್ರ ತಯಾರಿಸಿದ ಆರ್‌ಕೆಒ ಕಂಪನಿಗೆ ಹೇಳಿ ಕಳಿಸಿದ್ದರು. ಅಂದಿನ ದಿನಗಳಲ್ಲಿ ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಎಕ್ಸ್‌ಟ್ರಾ ಕಲಾವಿದರಿಗೂ ಅಂತಿಮ ಮತ ಇತ್ತು, ವೆಲ್ಸ್‌ನನ್ನು ಕಂಡರಾಗದ ಅವರೇ ಚಿತ್ರವನ್ನು ಸೋಲಿಸಿದರು ಎಂಬ ಮಾತೂ ಹಾಲಿವುಡ್ಡಿನಲ್ಲಿ ಹಳೆಯದು. ಒಂಬತ್ತು ನಾಮನಿರ್ದೇಶನ ಇದ್ದ ಚಿತ್ರಕ್ಕೆ ಕೊನೆಗೆ ಸಿಕ್ಕಿದ್ದು ಚಿತ್ರಕಥೆಯ ಒಂದೇ ಪ್ರಶಸ್ತಿ, ಹರ್ಮನ್ ಮ್ಯಾಂಕವಿಟ್ಸ್ ಮತ್ತು ವೆಲ್ಸ್ ಇಬ್ಬರಿಗೆ.

ಈ ಕಥೆಗಳಲ್ಲಿ ಯಾವುದು ನಿಜ ಎಂದು ತೂಗಿ ನೋಡಲು ಮತಗಳ ಲೆಕ್ಕ ಬೇಕು. 'ಕೇನ್' ಎರಡನೆಯ ಸ್ಥಾನದಲ್ಲಿ ಕೂದಲೆಳೆಯಷ್ಟು ಹಿಂದೆ ಇತ್ತೆ? ಹಾಗಿದ್ದರೆ ಹರ್ಸ್ಟ್‌ನ ಹಗೆ, ಎಕ್ಸ್‌ಟ್ರಾಗಳ ಮುನಿಸು, ಎಲ್ಲದಕ್ಕೂ ತೂಕ ಬರುತ್ತದೆ. ಅಥವಾ ಸ್ಪರ್ಧೆಯಲ್ಲಿದ್ದ ಹತ್ತು ಚಿತ್ರಗಳಲ್ಲಿ ಏಳನೆಯದೋ ಎಂಟನೆಯದೋ ಆಗಿತ್ತೆ? ಆಗ ಪಿತೂರಿಯ ಕಥೆ ಅಲ್ಲಿಗೇ ನಿಂತುಹೋಗುತ್ತದೆ. ಆ ವರ್ಷ ಅತಿ ಹೆಚ್ಚು, ಅಂದರೆ ಹನ್ನೊಂದು ನಾಮನಿರ್ದೇಶನ ಇದ್ದದ್ದು 'ಸಾರ್ಜೆಂಟ್ ಯಾರ್ಕ್' ಚಿತ್ರಕ್ಕೆ. ಫೋರ್ಡ್‌ಗೆ ನಿಜವಾದ ಪೈಪೋಟಿ ಕೊಟ್ಟದ್ದು ಅದೇ ಇರಬಹುದಲ್ಲ? ಗೆಳೆಯ ಒಂದು ಊಹೆ ಹೇಳುತ್ತಾನೆ, ನಾನು ಇನ್ನೊಂದು ಹೇಳುತ್ತೇನೆ. ಊಹೆಗೂ ಊಹೆಗೂ ನಡೆಯುವ ಜಗಳಕ್ಕೆ ತೀರ್ಪು ಎಲ್ಲಿಂದ ಬರಬೇಕು?

ಇದರಲ್ಲಿ ಹೆಚ್ಚು ನಷ್ಟ ಆದದ್ದು ಗೆದ್ದ ಚಿತ್ರಕ್ಕೆ. ಇವತ್ತು 'ಹೌ ಗ್ರೀನ್ ವಾಸ್ ಮೈ ವ್ಯಾಲಿ' ಎಂದರೆ ಮೊದಲು ಬರುವ ಮಾತು, "ಕೇನ್‌ನ ಪ್ರಶಸ್ತಿ ಕಿತ್ತುಕೊಂಡ ಚಿತ್ರ ತಾನೆ?" ನೋಡದೆಯೇ ಅದನ್ನು ಕಳ್ಳನ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ಆ ಏಪ್ರನ್ನನ್ನೂ ಆ ಮುಸುಕನ್ನೂ ಆ ಕೇಜನ್ನೂ ನೋಡಿದವರಿಗೆ ಇದು ಎಷ್ಟು ನೋವಿನ ಮಾತು ಎಂದು ನಿಮಗೆ ಹೇಗೆ ತಿಳಿಸಲಿ?

ಎಲ್ಲ ಗೆಲುವನ್ನೂ ನಾನು ಸಮರ್ಥಿಸುತ್ತೇನೆ ಎಂದು ತಿಳಿಯಬೇಡಿ. 1953ರ ಮಾರ್ಚ್ 19ರಂದು, ಮೊದಲ ಸಲ ಟೆಲಿವಿಷನ್ನಿನಲ್ಲಿ ತೋರಿಸಿದ ಸಮಾರಂಭದಲ್ಲಿ, ಸೆಸಿಲ್ ಬಿ. ಡಿಮಿಲ್ ಅವರ ಸರ್ಕಸ್ ಚಿತ್ರ 'ದಿ ಗ್ರೇಟೆಸ್ಟ್ ಶೋ ಆನ್ ಅರ್ಥ್' ಗೆದ್ದಿತು. ಆ ಪ್ರಶಸ್ತಿಗೆ ಅದು ಅರ್ಹವಾಗಿರಲಿಲ್ಲ. ರೈಲು ಅಪಘಾತದ ದೃಶ್ಯ ಚೆನ್ನಾಗಿದೆ. ಚಿತ್ರದುದ್ದಕ್ಕೂ ಮುಖದ ಬಣ್ಣ ತೆಗೆಯದ ಕೋಡಂಗಿಯಾಗಿ ಜೇಮ್ಸ್ ಸ್ಟುವರ್ಟ್ ಮನಸ್ಸು ತಟ್ಟುತ್ತಾರೆ. ಉಳಿದದ್ದು ಡೇರೆ, ಮೆರವಣಿಗೆ, ಮತ್ತೆ ಮೆರವಣಿಗೆ. ಸೋತವುಗಳಲ್ಲಿ 'ಹೈ ನೂನ್' ಇತ್ತು. ಗೋಡೆ ಗಡಿಯಾರದ ಮುಳ್ಳು ಮಧ್ಯಾಹ್ನದತ್ತ ಸರಿಯುತ್ತದೆ, ಊರಿನ ಒಬ್ಬೊಬ್ಬರೂ ಬಾಗಿಲು ಹಾಕಿಕೊಳ್ಳುತ್ತಾರೆ, ಗ್ಯಾರಿ ಕೂಪರ್ ಖಾಲಿ ರಸ್ತೆಯಲ್ಲಿ ಒಬ್ಬನೇ ನಿಲ್ಲುತ್ತಾನೆ. 'ಸಿಂಗಿಂಗ್ ಇನ್ ದ ರೇನ್' ಅಂತಿಮ ಐದರಲ್ಲೇ ಇರಲಿಲ್ಲ.

ಅಲ್ಲಿಯೂ ಎರಡು ಕಥೆಗಳಿವೆ. ಒಂದು, 1914ರಿಂದ ಚಿತ್ರ ಮಾಡುತ್ತಿದ್ದ 71ರ ಡಿಮಿಲ್‌ಗೆ ಸ್ಪರ್ಧೆಯಲ್ಲಿ ಗೆದ್ದ ಆಸ್ಕರ್ ಒಂದೂ ಇರಲಿಲ್ಲ, ಹಿರಿಯರಿಗೆ ಗೌರವ ಎಂದು ಕೊಟ್ಟರು. ಇನ್ನೊಂದು ರಾಜಕೀಯದ್ದು. 'ಹೈ ನೂನ್' ಬರೆದ ಕಾರ್ಲ್ ಫೋರ್‌ಮನ್ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಗೆಳೆಯರ ಹೆಸರು ಹೇಳಲು ಒಪ್ಪದೆ ಕಪ್ಪುಪಟ್ಟಿಗೆ, ಅಂದರೆ ಸ್ಟುಡಿಯೋಗಳು ಕೆಲಸ ಕೊಡದವರ ಪಟ್ಟಿಗೆ, ಸೇರಿದರು, ಇಂಗ್ಲೆಂಡಿಗೆ ಹೋದರು. ಆ ರಾತ್ರಿ ಕೂಪರ್ ಪರವಾಗಿ ನಟನ ಪ್ರಶಸ್ತಿ ತೆಗೆದುಕೊಂಡ ಜಾನ್ ವೇನ್, ಫೋರ್‌ಮನ್ ದೇಶ ಬಿಡುವಂತೆ ಮಾಡುವುದರಲ್ಲಿ ನನ್ನ ಪಾಲೂ ಇತ್ತು, ಅದಕ್ಕೆ ಪಶ್ಚಾತ್ತಾಪವಿಲ್ಲ ಎಂದು ಆಮೇಲೆ ಹೇಳಿದರು. ಹೆದರಿಕೆಯ ಕಾಲ. ಗೆಲ್ಲಿಸಿದ್ದು ಗೌರವವೋ ಹೆದರಿಕೆಯೋ?

ಒಂದು ಸಣ್ಣ ಲೆಕ್ಕ ನೋಡಿ. 1942ರಲ್ಲಿ ಹತ್ತಿದ್ದ ಪಟ್ಟಿ ಅಷ್ಟರಲ್ಲಿ ಐದಕ್ಕೆ ಇಳಿದಿತ್ತು. ಐದು ಚಿತ್ರ, ಒಬ್ಬರಿಗೆ ಒಂದೇ ಗುರುತು, ಹೆಚ್ಚು ಗುರುತು ಸಿಕ್ಕಿದ್ದು ಗೆಲ್ಲುತ್ತದೆ. ಹೀಗಿದ್ದಾಗ ನೂರಕ್ಕೆ ಇಪ್ಪತ್ತೊಂದು ಮತ ಬಿದ್ದರೂ ಒಂದು ಚಿತ್ರ ಗೆಲ್ಲಬಹುದು. ಉಳಿದ ಎಪ್ಪತ್ತೊಂಬತ್ತು ಜನ ಬೇರೆ ಚಿತ್ರ ಬೇಕು ಎಂದಿದ್ದರೂ ಅಷ್ಟೇ. 2009ರ ಚಿತ್ರಗಳಿಂದ ನೀವು ಪಟ್ಟಿಯನ್ನು ಮತ್ತೆ ಹತ್ತಕ್ಕೆ ಏರಿಸಿ, ಮೆಚ್ಚಿಕೆಯ ಕ್ರಮದಲ್ಲಿ ಅಂಕಿ ಹಾಕುವ ಪದ್ಧತಿ ತಂದಿರಿ. ಅಷ್ಟರ ಮಟ್ಟಿಗೆ ಈ ದೋಷ ನಿಮಗೂ ಗೊತ್ತು ಎಂದಾಯಿತು. ಹಾಗಿದ್ದರೆ 1952ರ ಸರ್ಕಸ್ ಚಿತ್ರವನ್ನು ಹಾಲಿವುಡ್ ಒಟ್ಟಾಗಿ ಆರಿಸಿತೋ, ಐದನೆಯ ಒಂದು ಪಾಲು ಆರಿಸಿತೋ? ಇಡೀ ಅಕಾಡೆಮಿಯ ರುಚಿಯನ್ನು ಎಪ್ಪತ್ತು ವರ್ಷದಿಂದ ಬೈಯುತ್ತಿದ್ದೇವೆ. ಬಹುಪಾಲು ಜನ 'ಹೈ ನೂನ್'ಗೂ ಆ ಐದರಲ್ಲೇ ಇದ್ದ 'ದಿ ಕ್ವೈಟ್ ಮ್ಯಾನ್'ಗೂ ಹಂಚಿ ಹಾಕಿದ್ದರೆ ಆ ಬೈಗುಳ ಅವರಿಗೆ ಸಲ್ಲದು.

ನಾನು ಕೇಳುವುದು ಇಷ್ಟೆ. ಐವತ್ತು ವರ್ಷ ದಾಟಿದ ಪ್ರಶಸ್ತಿಗಳ ಮತಗಳ ಒಟ್ಟು ಸಂಖ್ಯೆಯನ್ನು ಪ್ರಕಟಿಸಿ. ಯಾರು ಯಾರಿಗೆ ಹಾಕಿದರು ಎಂಬುದು ಬೇಡ, ಅದು ಗುಟ್ಟಾಗಿಯೇ ಇರಬೇಕು. ಯಾವ ಚಿತ್ರಕ್ಕೆ ಎಷ್ಟು, ಅಷ್ಟೇ ಸಾಕು. ಬದುಕಿರುವ ಯಾರ ಮನಸ್ಸೂ ನೋಯದಿರಲಿ ಎಂದೇ ಐವತ್ತು ವರ್ಷ ಎನ್ನುತ್ತಿದ್ದೇನೆ. ಕಡಿಮೆ ಅನ್ನಿಸಿದರೆ ಅರವತ್ತು ಮಾಡಿ.

ಇದು ನಿಮ್ಮ ಸಂಪ್ರದಾಯಕ್ಕೆ ಹೊರಗಿನದಲ್ಲ. ಮೊದಲ ವರ್ಷಗಳಲ್ಲಿ ನೀವೇ ಇದನ್ನು ಮಾಡುತ್ತಿದ್ದಿರಿ. 1931-32ರ ನಟ ಪ್ರಶಸ್ತಿಯಲ್ಲಿ ಫ್ರೆಡ್ರಿಕ್ ಮಾರ್ಚ್‌ಗಿಂತ ವ್ಯಾಲೆಸ್ ಬೀರಿಗೆ ಒಂದೇ ಒಂದು ಮತ ಕಡಿಮೆ ಬಿತ್ತು ಎಂದು ಲೋಕಕ್ಕೆಲ್ಲ ಗೊತ್ತು. ಅಷ್ಟು ಸಣ್ಣ ಅಂತರವನ್ನು ಸರಿಸಮ ಎಂದೇ ಎಣಿಸುವ ನಿಯಮ ಆಗ ಇತ್ತು, ಇಬ್ಬರಿಗೂ ಪ್ರಶಸ್ತಿ ಕೊಟ್ಟಿರಿ. 1934ರಲ್ಲಿ ನಟಿ ಬೆಟಿ ಡೇವಿಸ್ ಹೆಸರು ಪಟ್ಟಿಯಲ್ಲಿಲ್ಲ ಎಂದು ದೊಡ್ಡ ಗಲಾಟೆ ಆದಾಗ, ಬೇಕಾದ ಹೆಸರನ್ನು ಮತಪತ್ರದಲ್ಲಿ ಬರೆದು ಹಾಕಲು ಅವಕಾಶ ಕೊಟ್ಟಿರಿ. ಆಕೆ ಮೂರನೆಯವರಾದರು ಎಂದೂ ತಿಳಿಸಿದಿರಿ. ಅದರಿಂದ ಗೆದ್ದ ಕ್ಲಾಡೆಟ್ ಕೋಲ್‌ಬರ್ಟ್ ಅವರ ಮಾನ ಹೋಗಲಿಲ್ಲ. ಆ ದಶಕದ ನಡುವಿನಿಂದ ಲೆಕ್ಕ ಪರಿಶೋಧಕರ ಕೈಗೆ ಎಣಿಕೆ ಹೋಯಿತು. ಎಣಿಕೆಯ ಶಿಸ್ತು ಬಂತು, ಆದರೆ ಆಮೇಲೆ ಅಂಕಿಗಳ ಬಾಗಿಲೂ ಮುಚ್ಚಿತು. 'ಸೈಟ್ ಅಂಡ್ ಸೌಂಡ್'ನವರು ಈಗ ಒಬ್ಬೊಬ್ಬ ವಿಮರ್ಶಕನ ಪಟ್ಟಿಯನ್ನೂ ಹೆಸರು ಸಮೇತ ಜನರ ಮುಂದಿಡುತ್ತಾರೆ. ಅದರಿಂದ ಆ ಪಟ್ಟಿಯ ಮರ್ಯಾದೆ ಹೆಚ್ಚೇ ಆಗಿದೆ.

ಹಳೆಯ ತಪ್ಪನ್ನು ತಿದ್ದಿಕೊಳ್ಳುವುದೂ ನಿಮಗೆ ಹೊಸದಲ್ಲ. 'ದಿ ಬ್ರೇವ್ ಒನ್' ಚಿತ್ರದ ಕಥೆಗೆ ರಾಬರ್ಟ್ ರಿಚ್ ಎಂಬ ಹೆಸರಿನಲ್ಲಿ ಪ್ರಶಸ್ತಿ ಹೋಯಿತು. ಅಂಥ ಲೇಖಕನೇ ಇರಲಿಲ್ಲ. ಬರೆದದ್ದು ಕಪ್ಪುಪಟ್ಟಿಯಲ್ಲಿದ್ದ ಡಾಲ್ಟನ್ ಟ್ರಂಬೊ. 1975ರಲ್ಲಿ, ಸಾಯುವ ಒಂದು ವರ್ಷ ಮೊದಲು, ಅವರ ಕೈಗೆ ಆ ಪ್ರತಿಮೆ ಕೊಟ್ಟಿರಿ. 'ರೋಮನ್ ಹಾಲಿಡೇ'ಯದ್ದನ್ನು 1993ರಲ್ಲಿ ಅವರ ಪತ್ನಿಗೆ ಕೊಟ್ಟಿರಿ. 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಚಿತ್ರಕಥೆಯ ಗೌರವ ಇಂಗ್ಲಿಷಿನಲ್ಲಿ ಬರೆಯಲಾಗದ ಫ್ರೆಂಚ್ ಕಾದಂಬರಿಕಾರ ಪಿಯರ್ ಬೂಲ್ ಹೆಸರಿನಲ್ಲಿತ್ತು. 1984ರಲ್ಲಿ ಮೈಕೆಲ್ ವಿಲ್ಸನ್‌ಗೂ ಅದೇ ಕಾರ್ಲ್ ಫೋರ್‌ಮನ್‌ಗೂ ಅದು ಸೇರಿತು, ಇಬ್ಬರೂ ತೀರಿಕೊಂಡ ಮೇಲೆ. 1940ರಲ್ಲಿ ನಟಿ ಹ್ಯಾಟಿ ಮೆಕ್‌ಡ್ಯಾನಿಯಲ್ ಕರಿಯರೆಂದು ಬೇರೆ ಮೇಜಿನಲ್ಲಿ ಕೂತು ಪ್ರಶಸ್ತಿ ಗೆದ್ದರು. ಅವರು ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಆ ಪ್ರಶಸ್ತಿ ಫಲಕ ಕಳೆದುಹೋಗಿತ್ತು. 2023ರಲ್ಲಿ ನೀವು ಅದರ ಬದಲಿಗೆ ಇನ್ನೊಂದನ್ನು ಕೊಟ್ಟಿರಿ. ಇವೆಲ್ಲ ಒಳ್ಳೆಯ ಕೆಲಸಗಳು, ಮನಸಾರೆ ಮೆಚ್ಚುತ್ತೇನೆ. ಆದರೆ ಇವು ಹೆಸರಿನ ತಿದ್ದುಪಡಿಗಳು. ತೀರ್ಮಾನ ಹೇಗಾಯಿತು ಎಂಬುದರ ಮೇಲಿನ ಪರದೆ ಇನ್ನೂ ಹಾಗೇ ಇದೆ.

ಯಾವ ಪ್ರಶಸ್ತಿಯನ್ನೂ ವಾಪಸು ತೆಗೆದುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳುವವರು ಇದ್ದಾರೆ, ಅವರ ಜೊತೆ ನಾನಿಲ್ಲ. 1942ರಲ್ಲಿ ಹಾಕಿದ ಮತವನ್ನು ಇಂದಿನವರು ಅಳಿಸಿದರೆ ಅಂದಿನವರು ಏನನ್ನು ಪ್ರೀತಿಸಿದರು ಎಂಬುದೂ ಅಳಿಸಿಹೋಗುತ್ತದೆ. ಅದು ನನಗೆ ಬೇಕು. ಯುದ್ಧಕ್ಕೆ ಮಗನನ್ನು ಕಳಿಸಿ ಬಂದು ಮತಪತ್ರದ ಮುಂದೆ ಕೂತ ಒಬ್ಬ ಎಕ್ಸ್‌ಟ್ರಾ ಕಲಾವಿದ, ಒಬ್ಬ ಲೇಖಕ, ಒಬ್ಬ ಹಾಸ್ಯನಟಿ ಯಾವುದರ ಕಡೆ ಒಲಿದರು, ಎಷ್ಟು ಜನ ಒಲಿದರು ಎಂದು ತಿಳಿಯಬೇಕು. ಚಿತ್ರರಂಗದ ಚರಿತ್ರೆಯಲ್ಲಿ ಅದೂ ಒಂದು ದಾಖಲೆ. ಬೆವರ್ಲಿ ಹಿಲ್ಸ್‌ನ ನಿಮ್ಮ ಮಾರ್ಗರೆಟ್ ಹೆರಿಕ್ ಗ್ರಂಥಾಲಯದಲ್ಲಿ ಚಿತ್ರಕಥೆಗಳನ್ನೂ ಪತ್ರಗಳನ್ನೂ ಸಂಶೋಧಕರಿಗಾಗಿ ಜೋಪಾನವಾಗಿ ಇಟ್ಟಿದ್ದೀರಿ. ಅದೇ ಕಪಾಟಿನಲ್ಲಿ ಈ ಲೆಕ್ಕಕ್ಕೂ ಜಾಗ ಕೊಡಿ. ಆ ಹಾಳೆಗಳನ್ನು ಹಿಂದೆಂದೋ ನಾಶ ಮಾಡಿದ್ದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ.

ನಮ್ಮಪ್ಪ ಈಗಿಲ್ಲ. ಗೆಳೆಯ ಇದ್ದಾನೆ, ಪ್ರತಿ ಫೆಬ್ರವರಿಗೆ ಫೋನ್ ಮಾಡಿ ಅದೇ ಮಾತು ಎತ್ತುತ್ತಾನೆ. ಎಲ್ಲ ವರ್ಷದ್ದನ್ನೂ ಒಟ್ಟಿಗೆ ಕೊಡಲು ಕಷ್ಟವಾದರೆ ಒಂದರಿಂದ ಶುರು ಮಾಡಿ. 1942ರ ಫೆಬ್ರವರಿ 26ರದ್ದು. ಹತ್ತು ಚಿತ್ರಗಳ ಹೆಸರು, ಎದುರಿಗೆ ಹತ್ತು ಸಂಖ್ಯೆ. ಒಂದು ಹಾಳೆಯೂ ಪೂರ್ತಿ ತುಂಬುವುದಿಲ್ಲ.

ಇಂತಿ ವಿಶ್ವಾಸದ,
ರಾಬರ್ಟ್‌ಸನ್‌ಪೇಟೆಯಲ್ಲಿ ಬೆಳೆದ ಒಬ್ಬ ಪ್ರೇಕ್ಷಕ